ತಲೆಯ ಮೇಲಿನ ಎತ್ವ

ಆ ಭಾನುವಾರ ಬೆಳಿಗ್ಗೆ ಗುಂಗುರುವಿನ ತಲೆಗಿಂತ ಅವನ ಬಾಚಣಿಗೆಯೇ ಹೆಚ್ಚು ಸೊಂಪಾಗಿ ಕಾಣುತ್ತಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲುಗಳಲ್ಲಿ ಸಿಕ್ಕಿದ್ದ ಕೂದಲನ್ನು ಬಿಡಿಸುತ್ತ, ಸತ್ತವರನ್ನು ಎಣಿಸುವವನಂತೆ ನಿಟ್ಟುಸಿರು ಬಿಟ್ಟ.

ಗುಂಗುರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಶಾಲೆ ಇಟ್ಟದ್ದು. ಆಗ ಅವನ ತಲೆಯೆಂದರೆ ತಲೆ! ಅವನಮ್ಮ ಬಾಚಲು ಕೂತರೆ ಬಾಚಣಿಗೆಯ ಹಲ್ಲು ಮುರಿಯುತ್ತಿತ್ತೇ ಹೊರತು ಸುರುಳಿ ಬಿಚ್ಚುತ್ತಿರಲಿಲ್ಲ. ಆ ಸುರುಳಿಗಳನ್ನು ಅಮ್ಮನಿಗಿಂತ ಚೆನ್ನಾಗಿ ಬಲ್ಲವರು ಅಕ್ಷರ ಕಲಿಸುವ ಮೇಷ್ಟ್ರು. ಗುಂಗುರುವಿಗೆ ಬರೆಯುವಾಗ ಎತ್ವ ನುಂಗುವ ಚಾಳಿ. 'ಕೆರೆ' ಎಂದು ಬರೆಯಬೇಕಾದಲ್ಲಿ 'ಕರೆ' ಎಂದು ಬರೆದುಬಿಡುತ್ತಿದ್ದ. ಮೇಷ್ಟ್ರು ಹಿಂದಿನಿಂದ ಬಂದು, ಅವನ ನೆತ್ತಿಯ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿ ಮೇಲಕ್ಕೆಳೆದು, "ಎತ್ವ ಎಲ್ಲಿ ಅಂತ ಹುಡುಕ್ತಿದ್ದೆ. ಇಗೋ, ನಿನ್ನ ತಲೆ ಮೇಲೇ ಇದೆಯಲ್ಲೋ! ತೆಗೆದು ಅಕ್ಷರಕ್ಕೆ ಹಾಕು" ಎನ್ನುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು, ನಗುವೂ ಬರುತ್ತಿತ್ತು.

ಪಕ್ಕದಲ್ಲಿ ಕೂರುತ್ತಿದ್ದವನು ಚೆಂಡು. ಹೇನಿನ ಭಯಕ್ಕೆ ಅವನಪ್ಪ ಅವನ ತಲೆಯನ್ನು ಸದಾ ನುಣ್ಣಗೆ ಬೋಳಿಸಿಯೇ ಇಡುತ್ತಿದ್ದ. ಅಲ್ಲಿ ಎಳೆಯಲು ಏನೂ ಇಲ್ಲದ್ದರಿಂದ ಮೇಷ್ಟ್ರು ಅವನ ತಲೆಗೆ ಬೆರಳ ಗೆಣ್ಣಿನಿಂದ ಒಂದು ಮೊಟಕುತ್ತಿದ್ದರು. ಬೆಂಚು ಒಂದೇ, ಶಿಕ್ಷೆ ಎರಡು ಬಗೆ.

ಎಳೆಸಿಕೊಂಡದ್ದು ವ್ಯರ್ಥವಾಗಲಿಲ್ಲ. ಗುಂಗುರು ಬೆಳೆದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೇ ಸೇರಿದ. ಊರವರ ಎತ್ವ, ಒತ್ತು, ದೀರ್ಘಗಳನ್ನೆಲ್ಲ ತಿದ್ದುತ್ತ ಬೆಳಗಿನ ತಿಂಡಿ ಬಿಟ್ಟ, ಮಧ್ಯಾಹ್ನದ ಊಟವನ್ನು ಸಂಜೆಗೆ ಉಂಡ, ಉಳಿದ ಹೊಟ್ಟೆಯನ್ನು ಟೀಯಿಂದ ತುಂಬಿಸಿದ. ಎತ್ವಗಳು ಹಾಳೆಯ ಮೇಲೆ ಸೇರುತ್ತ ಹೋದವು, ತಲೆಯ ಮೇಲಿನವು ಉದುರುತ್ತ ಬಂದವು.

ಉದುರಿದರೆ ಉದುರಲಿ ಎಂದು ಸುಮ್ಮನಿರುತ್ತಿದ್ದನೋ ಏನೋ. ಆದರೆ ಕೆಲವು ತಿಂಗಳ ಹಿಂದೆ, ಈ ಭಾನುವಾರದ ಸಂಜೆ ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಯಲ್ಲಿ ಸೇರುವುದೆಂದೂ, ಮೇಷ್ಟ್ರೂ ಬರುತ್ತಾರೆಂದೂ ಸುದ್ದಿ ಬಂತು. ಮೇಷ್ಟ್ರಿಗೆ ಈಗ ಕಣ್ಣು ಕಾಣುವುದಿಲ್ಲವಂತೆ. ಆಮೇಲೆ ದೂರದ ಮಗಳ ಮನೆಗೆ ಹೋಗುತ್ತಾರಂತೆ, ಮತ್ತೆ ಈ ಕಡೆ ಬರುವುದು ಸುಳ್ಳು. "ಹುಡುಗರ ದನಿಯೆಲ್ಲ ಒಡೆದು ಬೇರೆಯಾಗಿರುತ್ತೆ, ನಂಗೆ ತಲೆ ಮುಟ್ಟಿದ್ರೆ ಗೊತ್ತಾಗುತ್ತೆ. ನನ್ನ ಗುಂಗುರು ಬರ್ತಾನಾ?" ಎಂದು ಕೇಳಿದ್ದರಂತೆ. ಅದನ್ನು ಕೇಳಿದ ದಿನ ಗುಂಗುರು ಕನ್ನಡಿಯ ಮುಂದೆ ನಿಂತು ಅತ್ತುಬಿಟ್ಟ. ಒಂದೇ ಒಂದು ಸಲ ಆ ಬೆರಳು ತನ್ನ ನೆತ್ತಿಯನ್ನು ಹುಡುಕಿ ಎಳೆಯಬೇಕು, ಅಷ್ಟೇ ಅವನ ಆಸೆ. ಎಳೆಯಲು ಒಂದು ಸುರುಳಿಯಾದರೂ ಬೇಡವೇ?

ಕೂಡಲೇ ಡಾಕ್ಟರಮ್ಮನ ಹತ್ತಿರ ಓಡಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಅವರು ಪ್ರೆಸ್ಸಿಗೆ ಫೋನು ಮಾಡಿದಾಗ ಹಿಂದೆ ಯಂತ್ರ ಗಡಗಡ ಎನ್ನುತ್ತಿತ್ತು. "ರಕ್ತದಲ್ಲಿ ಕಬ್ಬಿಣ ತೀರಾ ಕಮ್ಮಿ ಇದೆ. ಸೊಪ್ಪು ಸಣ್ಣಗೆ ಹಚ್ಚಿ, ಮೊಳಕೆ ಕಾಳು, ಮೊಟ್ಟೆ, ಮೇಲೆ ಸ್ವಲ್ಪ ನಿಂಬೆರಸ. ಒಂದು ದಿನಾನೂ ತಪ್ಪಿಸ್ಬೇಡಿ. ಟೀ ಕಮ್ಮಿ ಮಾಡಿ, ಹೊತ್ತಿಗೆ ಸರಿಯಾಗಿ ಊಟ, ಚೆನ್ನಾಗಿ ನಿದ್ದೆ" ಎಂದದ್ದು ಅವನ ಕಿವಿಗೆ ಬಿತ್ತು. ಟೀ, ಊಟ, ನಿದ್ದೆಯ ಮಾತಿಗೆ ಗುಂಗುರು ಸೊಪ್ಪು ಹಾಕಲಿಲ್ಲ. ಸೊಪ್ಪೆಲ್ಲ ತಲೆಗೇ ಬೇಕಿತ್ತಲ್ಲ!

ಅಂದಿನಿಂದ ದಿನವೂ ಸೊಪ್ಪು ಅರೆದು, ಮೊಳಕೆ ಕಾಳು ಜಜ್ಜಿ, ಮೊಟ್ಟೆ ಒಡೆದು ತಲೆಗೆ ಮೆತ್ತಿಕೊಂಡ.

"ರೀ, ತಿನ್ನೋ ಪದಾರ್ಥಾನ ಯಾರಾದ್ರೂ ತಲೆಗೆ ಹಚ್ಕೋತಾರಾ?" ಎಂದು ಹೆಂಡತಿ ಕೇಳಿದಳು.

"ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ದು ಕಣೇ, ಹಚ್ಚಿ ಅಂತ. ನನ್ನ ಕಿವಿ ಇನ್ನೂ ಉದುರಿಲ್ಲ."

ಬೇರೆ ಊರಿನಲ್ಲಿ ಲಾರಿ ಆಫೀಸಿನಲ್ಲಿದ್ದ ಚೆಂಡು ಫೋನಿನಲ್ಲಿ, "ಅಪ್ಪ ಹೋದ್ಮೇಲೆ ಬೆಳೆಸಿದ ಕೂದ್ಲು ಕಣೋ, ಈಗ ಅದೂ ಕೈಗೆ ಬರ್ತಿದೆ" ಎಂದು ಗೋಳಾಡಿದಾಗ ಗುಂಗುರು ಡಾಕ್ಟರಮ್ಮನ ಮಾತನ್ನು ಅಕ್ಷರಕ್ಕೆ ಅಕ್ಷರ ಅವನಿಗೂ ಒಪ್ಪಿಸಿದ್ದ.

ತಿಂಗಳುಗಳು ಕಳೆದರೂ ಸುರುಳಿ ಹುಟ್ಟಲಿಲ್ಲ. ಇದ್ದದ್ದಕ್ಕೆ ಪಾಚಿಯ ಬಣ್ಣ ಬಂದದ್ದಷ್ಟೇ ಲಾಭ. ಆದರೂ ಕಿವಿಯ ಮೇಲೆ, ನೆತ್ತಿಯ ಹಿಂದೆ ಒಂದಿಷ್ಟು ಗುಂಗುರು ಉಳಿದಿತ್ತು. ಸಂಜೆ ಮೇಷ್ಟ್ರ ಬೆರಳಿಗೆ ಅಷ್ಟು ಸಿಕ್ಕರೆ ಸಾಕೆಂದು, ಆ ಭಾನುವಾರ ಎರಡರಷ್ಟು ಸೊಪ್ಪು, ಎರಡರಷ್ಟು ಮೊಟ್ಟೆ ಹಚ್ಚಿಕೊಂಡು ಹಿತ್ತಿಲ ಬಿಸಿಲಿಗೆ ಕೂತ. ಚೆನ್ನಾಗಿ ಒಣಗಿತು. ತೊಳೆಯೋಣವೆಂದು ನಲ್ಲಿ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಗೋಡೆಯಾಚೆಯಿಂದ ಒಂದು ತಲೆ ಎದ್ದಿತು. ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಪಕ್ಕದ ಮನೆಯಾಕೆ. ಅವರಿವರ ಮನೆಯ ಒಲೆಯ ಮೇಲೆ ಏನಿದೆ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು.

"ಏನಪ್ಪಾ ಇದು, ತಲೆ ಮೇಲೆ ತೋಟ ಮಾಡಿದ್ದೀಯ?"

"ಕಬ್ಬಿಣ ಕಮ್ಮಿ ಅಂತೆ ದೊಡ್ಡಮ್ಮ, ಅದಕ್ಕೆ."

"ಕಬ್ಬಿಣ ಬೇಕಿದ್ರೆ ಬಾಣಲೆ ಬೋರಲು ಹಾಕ್ಕೋಬೇಕಿತ್ತು! ನೀರಿಲ್ವಾ? ಇರು, ನನ್ನ ಒಲೆ ಮೇಲೆ ಒಂದು ಪಾತ್ರೆ ಕಾದಿದೆ."

ಬೇಡ ಎನ್ನುವಷ್ಟರಲ್ಲಿ ದೊಡ್ಡಮ್ಮ ಬಂದೇಬಿಟ್ಟಳು. ಅವಳ ಉಪಕಾರಕ್ಕೆ ಸದಾ ಕಾಲು ಉದ್ದ, ಕೈ ದುಡುಕು. ಪಾತ್ರೆ ಬೋರಲಾಯಿತು. ಗುಂಗುರು ಕಿಟಾರನೆ ಕಿರುಚಿಕೊಂಡ. ಮೆತ್ತಿದ್ದು ದಪ್ಪವಿದ್ದುದರಿಂದ ತಲೆ ಸುಡಲಿಲ್ಲ, ಆದರೆ ನೀರು ಮೊಟ್ಟೆ ಬೇಯಲು ಸಾಕಾಗುವಷ್ಟು ಬಿಸಿಯಿತ್ತು. ಸೊಪ್ಪು, ಕಾಳು, ಕೂದಲು ಎಲ್ಲ ಸೇರಿ ತಲೆಯ ಮೇಲೆ ಹಕ್ಕಳೆಗಟ್ಟಿತು. ಹೆಂಡತಿ ಬಾಚಣಿಗೆ ಹಾಕಿದಳು, ಅದೂ ಅಲ್ಲೇ ನೆಟ್ಟು ನಿಂತಿತು.

"ಉಪ್ಪೊಂದು ಕಮ್ಮಿ" ಎಂದು ದೊಡ್ಡಮ್ಮ ಮೂಸಿ ನೋಡಿ ತೀರ್ಪು ಕೊಟ್ಟಳು.

ತಲೆಗೆ ಟವೆಲು ಸುತ್ತಿಕೊಂಡು ಗುಂಗುರು ಕ್ಷೌರದ ಅಂಗಡಿಗೆ ಓಡಿದ. ಹಿಂದೆ ಎರಡು ಬೆಕ್ಕುಗಳು ಬೀದಿಯ ತಿರುವಿನ ತನಕ ಭಕ್ತಿಯಿಂದ ಹಿಂಬಾಲಿಸಿದವು.

ಕ್ಷೌರಿಕ ಹಳಬ. ಚಿಕ್ಕಂದಿನಲ್ಲಿ ಗುಂಗುರುವನ್ನು ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂರಿಸಿ ಕತ್ತರಿ ಆಡಿಸಿದವನು. ಟವೆಲು ಬಿಚ್ಚಿದವನೇ ಬಾಯಿ ಮೇಲೆ ಕೈಯಿಟ್ಟುಕೊಂಡ.

"ಏನಯ್ಯಾ ಗುಂಗುರು! ಈ ತಲೆಗೆ ಕತ್ತರಿ ಹಾಕಿ ಹಾಕಿ ನನ್ನ ಬೆರಳಿಗೆ ಬೊಬ್ಬೆ ಬಂದಿತ್ತಲ್ಲಯ್ಯಾ. ನೀನು ಎದ್ದು ಹೋದ್ರೆ ನೆಲದ ಮೇಲೆ ಕುರಿ ಉಣ್ಣೆ ಬಿದ್ದ ಹಾಗಿರ್ತಿತ್ತು. ಹಿಂಗ್ಯಾಕೆ ಮಾಡ್ಕೊಂಡೆ?"

"ಅದೆಲ್ಲ ಆಮೇಲೆ. ಸಂಜೆ ಮೇಷ್ಟ್ರು ಬರ್ತಾರೆ. ನೆತ್ತಿ ಮೇಲೆ ಒಂದೇ ಒಂದು ಸುರುಳಿ ಉಳಿಸಿಕೊಡು, ಕೈ ಮುಗೀತೀನಿ."

ಮುದುಕ ನೀರು ಹಾಕಿದ, ಎಣ್ಣೆ ಹಾಕಿದ, ಬಿಡಿಸಲು ನೋಡಿದ. ಒಂದು ಕಡೆ ಬಿಡಿಸಿದರೆ ಕೂದಲು ಬುಡಸಮೇತ ಕೈಗೆ ಬಂತು. ಕೊನೆಗೆ ಮೆತ್ತಗೆ, "ಇದು ಕತ್ತರಿ ಕೆಲ್ಸ ಅಲ್ಲಯ್ಯಾ" ಎಂದು ಕತ್ತಿ ಮಸೆದ. ಗುಂಗುರು ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ತೊಳೆದಿಟ್ಟ ಹೂಜಿಯೊಂದು ಅವನನ್ನೇ ನೋಡುತ್ತಿತ್ತು.

ಹೋಗುವುದೇ ಬೇಡವೆಂದುಕೊಂಡ. ಆದರೆ ಮತ್ತೆ ಮೇಷ್ಟ್ರು ಸಿಗುವುದಿಲ್ಲವೆಂಬುದು ನೆನಪಾಗಿ ಕಾಲು ತಾನೇ ಶಾಲೆಯ ದಾರಿ ಹಿಡಿಯಿತು. ಅದೇ ಕೋಣೆ, ಅದೇ ಸೀಮೆಸುಣ್ಣದ ಪುಡಿಯ ವಾಸನೆ, ಅದೇ ಬೆಂಚುಗಳು. ಯಾರೋ ಬಂದು ಬೆಂಚುಗಳನ್ನೆಲ್ಲ ಕುಗ್ಗಿಸಿ ಹೋದಂತಿತ್ತು. ಕಿಟಕಿಯ ಬಳಿ ತಾನು ಮೊಳೆಯಿಂದ ಕೆತ್ತಿದ್ದ 'ಕರೆ' ಇನ್ನೂ ಹಾಗೇ ಇತ್ತು, ಎತ್ವವಿಲ್ಲದೆ. ಅದನ್ನು ಬೆರಳಿನಿಂದ ಸವರಿದ.

ಬೆನ್ನ ಮೇಲೆ ಗುದ್ದೊಂದು ಬಿತ್ತು. "ಲೋ ಗುಂಗುರು! ಇದೇನೋ ನಿನ್ನ ಅವತಾರ?"

ತಿರುಗಿದರೆ ಚೆಂಡು. ಅವನ ತಲೆಯ ತುಂಬ ಕಪ್ಪಗೆ, ದಟ್ಟವಾಗಿ, ಸುರುಳಿ ಸುರುಳಿಯಾಗಿ ಕೂದಲು! ಬೋಳಿಸಿದ ಆ ತಲೆಯಲ್ಲಿ ಇಂಥ ಸುರುಳಿ ಅಡಗಿತ್ತೆಂದು ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಗುಂಗುರು ಬೆಂಚು ಹಿಡಿದುಕೊಂಡ.

"ಎಲ್ಲಾ ನಿನ್ನ ಪುಣ್ಯ ಕಣೋ. ನೀನು ಹೇಳಿದ್ದನ್ನೇ ಮಾಡ್ದೆ, ಉದುರೋದು ನಿಂತ್ಹೋಯ್ತು. ಸೊಪ್ಪು ಹಚ್ಚಿ..."

"ನಾನೂ ಹಚ್ಚಿದೆನಲ್ಲೋ! ನಿನ್ನ ತಲೆಗೆ ಮಾತ್ರ ಹೇಗೆ ಹತ್ತಿತು?"

"ತಲೆಗ್ಯಾಕೋ ಹಚ್ತಾರೆ? ಮಣೆ ಮೇಲಿಟ್ಟು ಚಾಕೂಲಿ ಹಚ್ಚಿ, ಮೊಳಕೆ ಕಾಳು, ಬೇಯಿಸಿದ ಮೊಟ್ಟೆ ಬೆರೆಸಿ, ನಿಂಬೆಹಣ್ಣು ಹಿಂಡಿ ದಿನಾ ತಿಂದೆ. ಟೀ ಬಿಟ್ಟೆ, ಬೇಗ ಮಲಗ್ದೆ. ನಮ್ಮನೇಲಿ ಹೆಚ್ಚೋದಕ್ಕೂ ಹಚ್ಚೋದು ಅಂತಾನೇ ಅಂತಾರಪ್ಪ."

ಹೆಚ್ಚಿ! ಯಂತ್ರದ ಗಡಗಡದಲ್ಲಿ ಡಾಕ್ಟರಮ್ಮ ಹೇಳಿದ್ದು ಹೆಚ್ಚಿ. ಊರಿಗೆಲ್ಲ ಎತ್ವ ಹಾಕಿಕೊಡುವ ಪ್ರೂಫ್ ರೀಡರು ತನ್ನ ತಲೆಗೆ ಬಂದ ಒಂದೇ ಒಂದು ಎತ್ವವನ್ನು ನುಂಗಿ ನೀರು ಕುಡಿದಿದ್ದ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕುರ್ಚಿಯಲ್ಲಿ ಕೂತು, "ಯಾರೂ ಹೆಸರು ಹೇಳ್ಬಾರ್ದು. ಒಬ್ಬೊಬ್ರೇ ಬನ್ನಿ" ಎಂದರು. ಎಲ್ಲರೂ ಮಕ್ಕಳಂತೆ ಸಾಲು ನಿಂತರು. ಗುಂಗುರುವಿನ ಮುಂದೆ ಚೆಂಡು. ಅವನು ಬಗ್ಗಿದ. ಮೇಷ್ಟ್ರ ಬೆರಳು ಅವನ ಸುರುಳಿಗಳಲ್ಲಿ ಸಿಕ್ಕಿಕೊಂಡು ನಿಂತಿತು. ಮುದಿ ಮುಖ ದೀಪ ಹಚ್ಚಿದಂತಾಯಿತು.

"ಬಂದ್ಯೇನೋ ನನ್ನ ಗುಂಗುರು! ಕೆರೆಗೆ ಎತ್ವ ಹಾಕೋದು ಕಲಿತ್ಯೇನೋ?" ಎಂದು ಒಂದು ಸುರುಳಿಯನ್ನು ಬೆರಳಿಗೆ ಸುತ್ತಿ ಬಲವಾಗಿ ಎಳೆದರು.

ಚೆಂಡುವಿನ ಕಣ್ಣಲ್ಲಿ ನೀರು ಬಂತು. "ಸಾರ್, ನಾನು..." ಎಂದು ಹಿಂದೆ ನೋಡಿದ. ಗುಂಗುರುವಿಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಕಾದಿದ್ದ ಎಳೆತ ಬೇರೆಯವನ ನೆತ್ತಿಗೆ ಹೋಗಿತ್ತು. ಆದರೆ ಮೇಷ್ಟ್ರ ಮುಖ ನೋಡಿದ ಮೇಲೆ ಆ ದೀಪವನ್ನು ಆರಿಸಲು ಅವನಿಗೆ ಮನಸ್ಸು ಬರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ.

ಅವನ ಸರದಿ ಬಂತು. ಬಗ್ಗಿದ. ಮೇಷ್ಟ್ರ ಅಂಗೈ ನುಣ್ಣನೆಯ ತಲೆಯ ಮೇಲೆ ಜಾರಿತು.

"ಅಯ್ಯೋ, ಚೆಂಡು! ಎಲ್ಲರೂ ಬದಲಾಗಿದ್ದಾರೆ, ನೀನೊಬ್ಬ ಹಾಗೇ ಇದ್ದೀಯಲ್ಲೋ!"

ಕೋಣೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಅವನ ಕಿವಿಯನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು. "ನಿನ್ನ ಪಕ್ಕ ಕೂರ್ತಿದ್ನಲ್ಲ, ಆ ಗುಂಗುರು. ಅವನು ಅಂದ್ರೆ ನಂಗೆ ಪ್ರಾಣ ಕಣೋ. ಆದ್ರೆ ಎತ್ವ ನುಂಗೋ ಚಾಳಿ. ಈಗಲಾದ್ರೂ ಬಿಟ್ಟಿದ್ದಾನಾ? ನಿಜ ಹೇಳು."

ಗುಂಗುರು ಮೇಷ್ಟ್ರ ಕಿವಿಗೆ ಬಾಯಿಟ್ಟ. "ಎಲ್ಲಿ ಬಿಟ್ಟ ಸಾರ್. ಸೊಪ್ಪು ತಿನ್ನು ಅಂದ್ರೆ ಎತ್ವ ತಿಂದು ಕೂತಿದ್ದಾನೆ."

"ಹಾಗಾ? ಹಾಗಾದ್ರೆ ಇದನ್ನ ಅವನಿಗೆ ತಲುಪಿಸಿಬಿಡು" ಎಂದು ಮೇಷ್ಟ್ರು ಆ ಬೋಳು ತಲೆಯ ಮೇಲೆ ಬೆರಳ ಗೆಣ್ಣಿನಿಂದ ಫಟ್ಟನೆ ಒಂದು ಮೊಟಕಿದರು.

ಗುಂಗುರು ತಲೆ ಸವರಿಕೊಂಡು, "ತಲುಪಿತು ಸಾರ್" ಎಂದ.