ಕೇಳದೆ ಲೆಕ್ಕ ಬಿಡಿಸುವ ಮಷೀನು ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಇರುವುದು ಒಬ್ಬನೇ ಶತ್ರು. ಆ ಶತ್ರುವನ್ನು ಅವರೇ ಕೈಯಾರೆ ಮನೆಗೆ ತಂದು, ದಿನಾ ಬೆಳಿಗ್ಗೆ ಒರೆಸಿ, ಬಟ್ಟೆ ಹೊದಿಸಿ ಸಾಕುತ್ತಿದ್ದಾರೆ. ಅದು ಅವರ ಕಂಪ್ಯೂಟರ್!

ಮಾವ ಶಿಕಾರಿಪುರದಲ್ಲಿ ಗಣಿತದ ಲೆಕ್ಚರರ್ ಆಗಿ ನಿವೃತ್ತರಾದವರು. ಸುಮ್ಮನಿರಲಾರದೆ ಮನೆಯ ಪಡಸಾಲೆಯಲ್ಲೇ ಮಕ್ಕಳಿಗೆ ಪಾಠ ಶುರುಮಾಡಿದರು. ಅದಕ್ಕೆಂದು ಬೀಜಗಣಿತದ ಸಾಫ್ಟ್‌ವೇರ್ ಒಂದನ್ನು ಹಾಕಿಸಿಕೊಂಡರು. ಅಲ್ಲಿಂದ ಶುರುವಾಯಿತು ಯುದ್ಧ. ಇವರು 'ಎರಡು ಎಕ್ಸ್ ಕೂಡಿಸು ಮೂರು ಎಕ್ಸ್' ಎಂದು ಟೈಪ್ ಮಾಡಿ, ಮಕ್ಕಳಿಗೆ ವಿವರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅದು 'ಐದು ಎಕ್ಸ್' ಎಂದು ಉಗುಳಿ ಕೂತಿರುತ್ತಿತ್ತು. ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಲು ಬರೆದರೆ ಮೇಲಿನದನ್ನೂ ಕೆಳಗಿನದನ್ನೂ ತಾನೇ ಹೊಡೆದು ಹಾಕಿ, 'ಒಂದು' ಎನ್ನುತ್ತಿತ್ತು.

"ಎಕ್ಸ್ ಸೊನ್ನೆ ಆಗಿದ್ರೆ ಏನ್ ಮಾಡ್ತೀಯೋ? ಒಂದ್ ಮಾತು ಕೇಳ್ಬಾರ್ದಾ?" ಎಂದು ಮಾವ ಪರದೆಗೆ ಬೈಯುತ್ತಿದ್ದರು.

ಬರೆದದ್ದನ್ನು ಬರೆದ ಹಾಗೇ ಬಿಡು ಎಂದು ಅದಕ್ಕೆ ಹೇಳುವ ದಾರಿ ಕೊನೆಗೊಂದು ದಿನ ಸಿಕ್ಕೇಬಿಟ್ಟಿತು. ಮಾವ ಕೇಸರಿಬಾತ್ ಮಾಡಿಸಿ, ಪಕ್ಕದ ಮನೆಯವರನ್ನು ಕರೆದು ಪರದೆ ತೋರಿಸಿದರು. ಅವರು ತುಂಬಾ ಹೊತ್ತು ನೋಡಿ, "ಏನೂ ಆಗ್ಲಿಲ್ವಲ್ಲ ಸಾರ್" ಎಂದರು.

"ಅದೇ ರೀ ಆಗ್ಬೇಕಿದ್ದಿದ್ದು" ಎಂದರು ಮಾವ.

ಈ ಕಾಯಿಲೆ ಕಂಪ್ಯೂಟರಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ನಾನು ಸೊರಬದಿಂದ ಹೋದಾಗಲೆಲ್ಲ ಪ್ರಯಾಣ ಹೇಗಿತ್ತು ಎಂದು ಕೇಳುತ್ತಾರೆ. ಚೆನ್ನಾಗಿತ್ತು ಅಂದರೆ ಮುಗಿಯಿತೇ? "ಉತ್ತರ ಆಮೇಲೆ. ಮೊದ್ಲು ಹಂತ ಹೇಳು." ಶಿರಾಳಕೊಪ್ಪದಲ್ಲಿ ಡ್ರೈವರ್ ಟೀ ಕುಡಿದದ್ದೂ ಸೇರಿ ಎಲ್ಲ ಒಪ್ಪಿಸಿದ ಮೇಲೆಯೇ ನನಗೆ ಟೀ!

ಇಂಥವರಿಗೆ ಗಂಟುಬಿದ್ದವರು ನಮ್ಮ ಅತ್ತೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವರು. "ನಿನ್ನೆ ಕುಪ್ಪಗಡ್ಡೆಗೆ ಹೋಗಿದ್ನಲ್ಲ, ಬಸ್ಸು ಇಳೀತಿದ್ದ ಹಂಗೇ..." ಎಂದು ಮಾವ ಶುರುಮಾಡಿದರೆ, ಅತ್ತೆ ಅಕ್ಕಿ ಆರಿಸುತ್ತಲೇ, "ಛತ್ರಿ ಬಿಟ್ಟು ಬಂದ್ರಿ ತಾನೇ?" ಎನ್ನುತ್ತಿದ್ದರು. ಅಲ್ಲಿಗೆ ಕಥೆ ಖತಂ.

"ಆ ಮಷೀನನ್ನಾದ್ರೂ ನಿಲ್ಲಿಸ್ಬಹುದು, ಇವಳನ್ನ ಯಾರು ನಿಲ್ಲಿಸ್ತಾರೆ" ಎಂದು ಮಾವ ನನ್ನ ಮುಂದೆ ಗೊಣಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ನಾಲಿಗೆ ಮಾತ್ರ ಹೊರಳಲಿಲ್ಲ. ಮಾತಾಡಲು ಬಿಟ್ಟರೆ ನಿಧಾನಕ್ಕೆ ಮಾತು ಬರುತ್ತದೆ ಎಂದರು ಡಾಕ್ಟರು. ಬಿಡಲು ನಮಗೆಲ್ಲಿ ತಾಳ್ಮೆ? ಅವರ ತುಟಿ ಅಲುಗಿದರೆ ಸಾಕು, ನಮ್ಮಲ್ಲಿ ಒಬ್ಬರು ನೀರು ತರುತ್ತಿದ್ದರು, ಇನ್ನೊಬ್ಬರು ಹೊದಿಕೆ. ಅತ್ತೆ ಬೇಡದ ನೀರನ್ನೂ ಕುಡಿದು ಸುಮ್ಮನಾಗುತ್ತಿದ್ದರು. ಬರಬರುತ್ತಾ ಬಾಯಿ ತೆರೆಯುವುದನ್ನೇ ಬಿಟ್ಟರು.

ಮೊನ್ನೆ ನಾನಿದ್ದಾಗ ಮಾವ ಪೇಟೆಯಿಂದ ಬಂದರು. ಅವರನ್ನು ನೋಡಿದ್ದೇ ಅತ್ತೆಯ ತುಟಿ ಅಲುಗಿತು. ನಾನು ನೀರಿಗೆಂದು ಎದ್ದೆ. ಮಾವ ಕೈ ಅಡ್ಡ ಹಿಡಿದರು.

"ಕೂತ್ಕೊಳ್ಳೆ. ಅವಳೇ ಹೇಳ್ಲಿ."

ಸ್ಟೂಲ್ ಎಳೆದುಕೊಂಡು ಅತ್ತೆಯ ಎದುರಿಗೆ ಕೂತರು. ಒಳಗೆ ಹಾಲು ಉಕ್ಕಿ ಒಲೆ ಚುರ್ ಎಂದಿತು. ಮಾವ ಏಳಲಿಲ್ಲ, ನನ್ನನ್ನೂ ಏಳಗೊಡಲಿಲ್ಲ. ಅತ್ತೆಯ ಹಣೆ ಬೆವರಿತು.

"ನಿಮ್... ಛ... ಛತ್ರಿ... ಎಲ್ರೀ?"

ಮಾವ ತಮ್ಮ ಬರಿಗೈ ನೋಡಿಕೊಂಡರು. ಕಣ್ಣು ತುಂಬಿತ್ತು.

"ಅಂಗಡೀಲಿ ಬಿಟ್ಟು ಬಂದೆ ಕಣೆ" ಎಂದರು. "ಬೈಯಿ. ನಿಧಾನಕ್ಕೆ ಬೈಯಿ, ನಂಗೇನ್ ಅರ್ಜೆಂಟಿಲ್ಲ."