ಜೋಳದ ಹೊಲದಲ್ಲಿ ಅಪ್ಪನ ಧ್ವನಿ

ಹೊಟ್ಟೆಯೊಳಗಿನ ಮಗುವಿಗೆ ಪಾಠ ಹೇಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೆ. ಅದು ಹಿಂದಿನ ಬೆಂಚಿಗೆ ಹೋಗಿ ಕೂರುವುದಿಲ್ಲ. ನೀರು ಕುಡಿದು ಬರ್ತೀನಿ ಸಾರ್ ಎಂದು ಎದ್ದು ಹೋಗುವುದಿಲ್ಲ. ಒಂಬತ್ತು ತಿಂಗಳು ಪೂರ್ಣ ಹಾಜರಾತಿ! ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಇಂಥ ವಿದ್ಯಾರ್ಥಿ ಸಿಗುವುದೆಂದರೆ ಪೂರ್ವಜನ್ಮದ ಪುಣ್ಯ. ಪೂರ್ವಜನ್ಮವನ್ನು ನಾನು ನಂಬುವುದಿಲ್ಲ, ಅದು ಬೇರೆ ಮಾತು.

ಈ ಹುಚ್ಚು ಹಿಡಿದದ್ದು ಕೋಲಾರದಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ. ಮನಶ್ಶಾಸ್ತ್ರದ ಮೇಡಂ ಒಬ್ಬರು ಬಂದು, ಹುಟ್ಟುವ ಮೊದಲೇ ಮಗುವಿಗೆ ಮನಸ್ಸೆಂಬುದು ಇರುತ್ತದೆಯೇ ಎಂಬ ವಿಷಯ ಮಾತಾಡಿದರು. ಹುಟ್ಟುವಾಗ ಆಗುವ ಭಯವೇ ಮುಂದಿನ ಎಲ್ಲ ಭಯಗಳ ಬೇರು ಎಂದು ಹಿಂದಿನ ಕೆಲವು ಪಂಡಿತರು ಹೇಳಿದ್ದರಂತೆ. ಗರ್ಭದ ನೆನಪು ಜೀವನಪರ್ಯಂತ ಒಳಗೆಲ್ಲೋ ಕೂತಿರುತ್ತದೆ ಎಂದವರೂ ಇದ್ದರಂತೆ. ಅದನ್ನೆಲ್ಲ ಸಾಬೀತು ಮಾಡಿದವರಿಲ್ಲ, ಆದರೆ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಹೊರಗಿನ ಸದ್ದು ಕೇಳಿಸುವುದು ನಿಜ, ಮತ್ತೆ ಮತ್ತೆ ಕೇಳಿದ ಧ್ವನಿಯನ್ನು ಹುಟ್ಟಿದ ಮೇಲೆ ಅದು ಗುರುತಿಸುವುದೂ ನಿಜ ಎಂದರು. ಆಮೇಲೆ ಏನೋ ಎಚ್ಚರಿಕೆಯ ಮಾತನ್ನೂ ಹೇಳಿದರು. ಅಷ್ಟರಲ್ಲಿ ಟೀ, ಬೋಂಡ ಬಂದವು. ಆ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಬಿದ್ದ ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಏಕೆಂದರೆ ನಾನು ನಮ್ಮಪ್ಪನನ್ನು ನೋಡಿಲ್ಲ. ನಾನು ಎಂಟು ತಿಂಗಳ ಪಿಂಡವಾಗಿದ್ದಾಗ ಅವರು ರಾಗಿ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡರು. ಮನೆಯಲ್ಲಿರುವುದು ಒಂದು ಮಾಸಲು ಫೋಟೋ. ಅಮ್ಮ ಅವರ ವಿಷಯ ಎತ್ತುವುದೇ ಇಲ್ಲ, ನಾನು ಕೇಳಿದರೆ ಅಡಿಗೆಮನೆಗೆ ಎದ್ದು ಹೋಗುತ್ತಾಳೆ. ಹಾಗಾದರೆ ಎಂಟು ತಿಂಗಳ ನನಗೆ ಅಪ್ಪನ ಧ್ವನಿ ಕೇಳಿಸಿರಬೇಕಲ್ಲ? ಅದು ನನ್ನ ತಲೆಯಲ್ಲಿ ಈಗ ಎಲ್ಲಿದೆ? ಕೋಲಾರದಿಂದ ವಾಪಸು ಬರುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದೆ. ಕಂಡಕ್ಟರ್ ಎಬ್ಬಿಸಿ ಮುಳಬಾಗಿಲು ಬಂತು ಇಳೀರಿ ಎಂದ.

ಇಳಿಯುವಾಗಲೇ ನಿರ್ಧಾರ ಮಾಡಿದೆ. ನನ್ನ ಮಗುವಿಗೆ ಅಪ್ಪನ ಧ್ವನಿ ಗೊತ್ತಿರಲೇಬೇಕು. ನಾಳೆ ನನಗೆ ಏನಾದರೂ ಆಗಲಿ, ಬಿಡಲಿ.

ತೊಂದರೆ ಒಂದೇ. ನನ್ನ ಹೆಂಡತಿ ಸುಮಾಳಿಗೆ ಏಳನೇ ತಿಂಗಳು. ಬಳೆ ತೊಡಿಸಿ, ಮಡಿಲು ತುಂಬಿಸಿ, ಅವಳನ್ನು ತಾಯಲೂರಿನ ಹತ್ತಿರದ ತವರಿಗೆ ಕಳಿಸುವ ದಿನ ಗೊತ್ತಾಗಿತ್ತು. ಮನೆಯಲ್ಲಿದ್ದಷ್ಟು ದಿನವಾದರೂ ಮಾತಾಡಬಹುದಿತ್ತು, ಆದರೆ ಅಮ್ಮ ಓಡಾಡುವ ಮನೆಯಲ್ಲಿ ಹೆಂಡತಿಯ ಹೊಟ್ಟೆಯ ಜೊತೆ ಸಂಭಾಷಣೆ ನಡೆಸಲು ನನಗೆ ನಾಚಿಕೆ. ಆದ್ದರಿಂದ ವೈಜ್ಞಾನಿಕ ಪರಿಹಾರ ಕಂಡುಕೊಂಡೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ, ತಳ್ಳುಗಾಡಿಯವರು ಈರುಳ್ಳಿ ಮಾರಲು ಇಟ್ಟುಕೊಳ್ಳುತ್ತಾರಲ್ಲ, ಆ ಮೈಕನ್ನು ಕೊಂಡೆ. ಒಂದು ಸಲ ಹೇಳಿ ಗುಂಡಿ ಒತ್ತಿದರೆ ಸಾಕು, ಬ್ಯಾಟರಿ ಇರುವ ತನಕ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ.

ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂತೆ. ಮೂಲೆಯಲ್ಲಿ ಅಸ್ಥಿಪಂಜರ, ಎದುರಿಗೆ ಗಾಜಿನ ಸೀಸೆಯಲ್ಲಿ ಕಪ್ಪೆ. ಬರೆದಿಟ್ಟಿದ್ದ ಚೀಟಿ ಮನೆಯಲ್ಲೇ ಮರೆತು ಬಂದಿದ್ದೆ. ಬಾಯಿಗೆ ಬಂದದ್ದು ಹೇಳಿದೆ. ಧ್ವನಿ ಒಡೆಯಿತು, ಕಣ್ಣಲ್ಲಿ ನೀರೂ ಬಂತು, ಏನು ಹೇಳಿದೆನೋ ಆಮೇಲೆ ನನಗೇ ನೆನಪಿರಲಿಲ್ಲ. ಕೊನೆಗೆ ಸಮಯ ಉಳಿದಿತ್ತೆಂದು ಒಂದು ಸಣ್ಣ ಪಾಠವನ್ನೂ ಸೇರಿಸಿದೆ. ಮತ್ತೆ ಹಾಕಿ ಕೇಳುವ ಧೈರ್ಯ ಆಗಲಿಲ್ಲ. ನನ್ನ ಧ್ವನಿ ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಎಂಬುದು ಅವತ್ತಿನ ತನಕ ನನಗೆ ಗೊತ್ತಿರಲಿಲ್ಲ ಎಂಬ ವಿಷಯ ಆಗ ಹೊಳೆಯಲೂ ಇಲ್ಲ.

ಸುಮಾ ಮೈಕನ್ನು ಸೀರೆಗಳ ನಡುವೆ ಇಟ್ಟುಕೊಂಡು ತವರಿಗೆ ಹೋದಳು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಎಂದು ಕಟ್ಟಪ್ಪಣೆ ಮಾಡಿದ್ದೆ. ದಿನಾ ಫೋನು ಮಾಡಿ ಕೇಳಿಸಿದೆಯಾ ಎನ್ನುತ್ತಿದ್ದೆ. ಹೂಂ ರೀ, ಎರಡು ಹೊತ್ತೂ ನಡೀತಿದೆ ಎನ್ನುತ್ತಿದ್ದಳು. ಭಾನುವಾರ ಮಧ್ಯಾಹ್ನ ಹೋದಾಗ ಮೈಕು ಅವಳ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಒಮ್ಮೆ ಅದರ ಮೇಲೆ ಕೆಮ್ಮಣ್ಣು ಅಂಟಿತ್ತು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಎಂಟನೇ ತಿಂಗಳು ಶುರುವಾದ ಮೇಲೆ ಒಂದು ಗುರುವಾರ ಶಾಲೆಗೆ ದಿಢೀರನೆ ಅರ್ಧ ದಿನ ರಜೆ ಸಿಕ್ಕಿತು. ಹೇಳದೆ ಹೋಗಿ ಸುಮಾಳನ್ನು ಖುಷಿಪಡಿಸೋಣ ಎಂದು ಹೊರಟೆ. ಬಸ್ಸು ಕೆಟ್ಟು, ನಿಂತು, ಮುಖ್ಯರಸ್ತೆಯಲ್ಲಿರುವ ಊರ ಗೇಟಿನಲ್ಲಿ ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ಅಲ್ಲಿಂದ ಊರಿಗೆ ಒಂದು ಮೈಲಿ. ಇಳಿದವನು ನಾನೊಬ್ಬನೇ. ಗೇಟಿನ ಹತ್ತಿರ ಮೇಕೆ ಹೊಡೆದುಕೊಂಡು ಬಂದ ಪಾಪಮ್ಮ, ಸುಮಾಳ ಪಕ್ಕದ ಮನೆಯ ಮುದುಕಿ, ನನ್ನನ್ನು ನೋಡಿ ನಿಂತಳು. ಕೆರೆ ಏರಿ ಮೇಲೆ ಸುತ್ತಿ ಹೋಗಬೇಕೆಂದೂ ಜೋಳದ ಹೊಲದ ಪಕ್ಕ ಕಾಲಿಡಬಾರದೆಂದೂ ಹೇಳಿದಳು. ಏಕೆ ಎಂದೆ.

"ಅಲ್ಲಿ ಯಾವನೋ ಸತ್ತೋನು ಮಗಾನ ಕರೀತವ್ನೆ ಸಾಮಿ. ತಿಂಗಳಿಂದ. ನಾವ್ಯಾರೂ ಆ ಕಡೆ ಹೋಗಲ್ಲ."

ನಾನು ನಕ್ಕು, ಮೂಢನಂಬಿಕೆಯ ಮೇಲೆ ಪುಟ್ಟ ಭಾಷಣ ಮಾಡಿ, ಬೇಕೆಂದೇ ಜೋಳದ ಹೊಲದ ದಾರಿ ಹಿಡಿದೆ. ಪಾಪಮ್ಮ ಮೇಕೆಗಳ ಜೊತೆ ದೂರದಲ್ಲೇ ನಿಂತು, ನಾನು ಹೋಗುವುದನ್ನು ನೋಡುತ್ತಿದ್ದಳು.

ಜೋಳ ಆಳೆತ್ತರ ಬೆಳೆದಿತ್ತು. ಗಾಳಿ ಇಲ್ಲದಿದ್ದರೂ ಗರಿಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ವಿಚಿತ್ರವೆಂದರೆ ತೆನೆ ಹಾಲು ತುಂಬಿ ನಿಂತಿದೆ, ಒಂದು ಗಿಳಿಯಿಲ್ಲ, ನವಿಲಿಲ್ಲ, ಗುಬ್ಬಿಯೂ ಇಲ್ಲ. ಹಕ್ಕಿಗಳೂ ಹೋಗದ ಹೊಲ. ನನ್ನ ಚಪ್ಪಲಿಯ ಸದ್ದು ನನಗೇ ಯಾರೋ ಹಿಂದೆ ಬಂದಂತೆ ಕೇಳಿಸಿತು. ನಾನು ವಿಜ್ಞಾನದ ಮೇಷ್ಟ್ರು ಎಂದು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ.

ಹೊಲದ ನಡುವಿನಿಂದ ಟಕ್, ಟಕ್ ಎಂದು ಎರಡು ಸಲ ಯಾರೋ ಮರ ಬಡಿದಂತಾಯಿತು. ಆಮೇಲೆ ಒಂದು ಗಂಡು ಧ್ವನಿ. ಒಡಕಲು, ದಪ್ಪ, ಮಣ್ಣಿನ ಒಳಗಿಂದ ಬಂದಂತೆ.

"ನಾಯನಾ... ಉನ್ನಾವಾ?"

ಇದ್ದೀಯಾ ಕಂದ, ಎಂದು ತೆಲುಗಿನಲ್ಲಿ ಕೇಳುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ.  ಈ ಧ್ವನಿ ನನಗೆ ಗೊತ್ತು. ಎಲ್ಲಿ ಕೇಳಿದ್ದು, ಯಾರದು, ತಿಳಿಯದು. ಆದರೆ ಬಹಳ ಹಳೆಯ ಪರಿಚಯ, ನನಗೆ ಹೆಸರಿಡುವ ಮೊದಲಿನದು.

"ಹೆದರ್ಬೇಡ. ನಾನು ಕಣೋ, ನಿಮ್ಮಪ್ಪ."

ಕೋಲಾರದ ಮೇಡಂ ಹೇಳಿದ್ದೆಲ್ಲ ಒಮ್ಮೆಲೇ ತಲೆಗೆ ಬಂತು. ಅಪ್ಪ ಸತ್ತದ್ದು ಹೊಲದಲ್ಲಿ. ಮೂವತ್ತಾರು ವರ್ಷ ನನ್ನೊಳಗೆ ಎಲ್ಲೋ ಕೂತಿದ್ದ ಧ್ವನಿ ಈಗ ಹೊರಗೆ ಬಂದು ನನ್ನನ್ನೇ ಕೂಗುತ್ತಿದೆ!  ಬದುವಿನ ಮೇಲೆ ಮಂಡಿಯೂರಿ ಕೈ ಮುಗಿದೆ.

"ಇದ್ದೀನಪ್ಪ," ಎಂದೆ. ಅಳು ಬಂತು. ಅದನ್ನು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ.

"ಕತ್ಲೆ ಅಂತ ಭಯ ಪಡ್ಬೇಡ," ಎಂದಿತು ಧ್ವನಿ.

ಇಲ್ಲಪ್ಪ ಎಂದೆ.

"ಅಮ್ಮನ್ನ ಚೆನ್ನಾಗಿ ನೋಡ್ಕೋಬೇಕು."

ನೋಡಿಕೊಳ್ಳುತ್ತಿದ್ದೇನೆ, ಮಂಡಿನೋವಿಗೆ ಎಣ್ಣೆ ತಂದುಕೊಟ್ಟಿದ್ದೇನೆ ಎಂದೆ.

"ಚೆನ್ನಾಗಿ ಓದ್ಬೇಕು."

ಬಿ.ಎಸ್ಸಿ., ಬಿ.ಎಡ್. ಆಗಿದೆಯಪ್ಪ, ಫಸ್ಟ್ ಕ್ಲಾಸು ಎಂದೆ. ಮೂವತ್ತಾರು ವರ್ಷ ಯಾರ ಮುಂದೆ ಹೇಳಬೇಕೆಂದು ಕಾದಿದ್ದೆನೋ ಅವರ ಮುಂದೆ ಹೇಳಿದ ಸಮಾಧಾನವಾಯಿತು. ಆ ಧ್ವನಿ ಗಂಟಲು ಸರಿಮಾಡಿಕೊಂಡಿತು. ನಾನು ಉಸಿರು ಬಿಗಿಹಿಡಿದು ಆಶೀರ್ವಾದಕ್ಕೆ ತಲೆ ಬಾಗಿಸಿದೆ.

"ಈಗ ನಾವು ಮಾನವನ ಜೀರ್ಣಾಂಗವ್ಯೂಹದ ಬಗ್ಗೆ ತಿಳಿಯೋಣ. ಸಣ್ಣಕರುಳು ದೊಡ್ಡಕರುಳಿಗಿಂತ ಉದ್ದವಾಗಿರುತ್ತದೆ."

ಬಾಗಿದ ತಲೆ ಬಾಗಿದಂತೆಯೇ ಇತ್ತು. ಎತ್ತಲು ಧೈರ್ಯವಾಗಲಿಲ್ಲ. ಸತ್ತವರಿಗೆ ಸಿಲೆಬಸ್ಸು ಇರುತ್ತದೆಯೇ ಎಂದು ಒಂದು ಕ್ಷಣ ಪ್ರಾಮಾಣಿಕವಾಗಿಯೇ ಯೋಚಿಸಿದೆ. ಅಷ್ಟು ಹೊತ್ತಿಗೆ ಪಾಪಮ್ಮ ಊರಿಗೆ ಓಡಿ, ಸತ್ತವನು ಮುನಿವೆಂಕಟಪ್ಪನ ಅಳಿಯನನ್ನು ಹಿಡಿದುಕೊಂಡಿದ್ದಾನೆ, ಇಬ್ಬರೂ ಮಾತಾಡುತ್ತಿದ್ದಾರೆ ಎಂದು ಸುದ್ದಿ ಮುಟ್ಟಿಸಿದ್ದಳು. ಮಾವ ಮುನಿವೆಂಕಟಪ್ಪನವರು ಟಾರ್ಚು ಹಿಡಿದು ಬಂದರು. ಹಿಂದೆ ಅರ್ಧ ಊರು. ಮಾವ ನನ್ನನ್ನು ನೋಡಿದರು, ಹೊಲದ ನಡುವೆ ಕಂಬಕ್ಕೆ ಕಟ್ಟಿದ್ದ ಮೈಕನ್ನು ನೋಡಿದರು. ಬಹಳ ಮರ್ಯಾದೆಯಿಂದ ಹೇಳಿದರು:

"ಮೇಷ್ಟ್ರೇ, ಅದರ ಸ್ವಿಚ್ಚು ಹಿಂದುಗಡೆ ಐತೆ."

ಮನೆಯಲ್ಲಿ ವಿಚಾರಣೆ ನಡೆಯಿತು. ಆರೋಪಿ ಸುಮಾ ಕಾಲು ಚಾಚಿ ಕೂತು, ಹುರಿಗಡಲೆ ತಿನ್ನುತ್ತಾ ಎಲ್ಲ ಒಪ್ಪಿಕೊಂಡಳು. ಎರಡು ದಿನ ಮೈಕು ಹಾಕಿ ಮಗುವಿಗೆ ಕೇಳಿಸಿದಳಂತೆ. ಮೂರನೇ ದಿನ ಆಸ್ಪತ್ರೆಯ ಡಾಕ್ಟರಮ್ಮ, ಹೊಟ್ಟೆಗೆ ಸ್ಪೀಕರ್ ಇಡಬೇಡಿ, ಮಾಮೂಲಿ ಮಾತೇ ಮಗುವಿಗೆ ಸಾಕು ಎಂದರಂತೆ. ಟೀ, ಬೋಂಡದ ಹೊತ್ತಿನಲ್ಲಿ ನಾನು ಕಳೆದುಕೊಂಡ ಎಚ್ಚರಿಕೆ ಇದೇ ಇದ್ದಿರಬೇಕು. ಅದೇ ವಾರ ಹೊಲಕ್ಕೆ ಗಿಳಿ ಬಿದ್ದವು. ಮಾವ ಡಬ್ಬ ಬಡಿದರು, ಹೋಯ್ ಎಂದರು, ಗಿಳಿಗಳು ಕ್ಯಾರೇ ಅನ್ನಲಿಲ್ಲ.

"ನಿಮ್ಮ ಮೈಕು ಕಟ್ಟಿದ್ವಿ ನೋಡಿ, ಒಂದೂ ನಿಲ್ಲಲಿಲ್ಲ. ಸಣ್ಣಕರುಳು ಬರೋ ಹೊತ್ತಿಗೆ ಹೊಲ ಖಾಲಿ," ಎಂದಳು ಸುಮಾ. ತೆನೆ ಕಳ್ಳರೂ ದೂರವಿರಲೆಂದು ಮಾವ ಊರಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲವಂತೆ.

ನನಗೆ ಸುಳ್ಳು ಹೇಳಿದೆಯಲ್ಲ ಎಂದು ಮುಖ ತಿರುಗಿಸಿದೆ. ಸುಳ್ಳೇನಿಲ್ಲ, ಹಿತ್ತಲ ಗೋಡೆಯ ಆಚೆಯೇ ಹೊಲ, ಎರಡು ಹೊತ್ತೂ ಮಗುವಿಗೆ ನಿಮ್ಮ ಧ್ವನಿ ಕೇಳಿಸಿದೆ, ಜೊತೆಗೆ ನನಗೂ, ಎಂದಳು. ಕೊನೆಯ ಮಾತನ್ನು ಮೆಲ್ಲಗೆ ಹೇಳಿದಳು. ನನ್ನ ಕೋಪ ಅಲ್ಲಿಗೆ ಇಳಿಯಿತು. ಆದರೆ ಒಂದು ಮಾತು ಮಾತ್ರ ಕೊರೆಯುತ್ತಲೇ ಇತ್ತು. ನಾನು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡುವವನಲ್ಲ. ಆ ತೆಲುಗು ಮಾತು ನನ್ನ ಬಾಯಿಗೆ ಯಾಕೆ ಬಂತು?

ಒಂಬತ್ತು ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಮಗು ತೊಟ್ಟಿಲಲ್ಲಿ ಕೆಂಪಗಾಗಿ ಅರಚುತ್ತಿತ್ತು. ಅತ್ತೆ ಎತ್ತಿದರು, ಮಾವ ಚಿಟಿಕೆ ಹೊಡೆದರು, ಯಾವುದಕ್ಕೂ ಬಗ್ಗಲಿಲ್ಲ. ನೀವೊಂದ್ಸಲ ಮಾತಾಡ್ಸಿ ರೀ ಎಂದಳು ಸುಮಾ.  ಗುರುತು ಸಿಗದಿದ್ದರೆ? ಕೈ ತಾನಾಗಿ ತೊಟ್ಟಿಲ ಅಂಚಿಗೆ ಎರಡು ಸಲ ಬಡಿಯಿತು.

"ನಾಯನಾ, ಉನ್ನಾವಾ?"

ಅಳು ನಿಂತಿತು. ಸ್ವಿಚ್ಚು ಒತ್ತಿದಂತೆ ನಿಂತಿತು. ಮಗು ನಿಧಾನಕ್ಕೆ ನನ್ನ ಕಡೆ ತಲೆ ಹೊರಳಿಸಿತು.  ನಾನು ಗೆದ್ದ ಮುಖದಲ್ಲಿ ತಿರುಗಿ ನೋಡಿದರೆ, ಬಾಗಿಲ ಹತ್ತಿರ ಅಮ್ಮ ಗೋಡೆ ಹಿಡಿದು ನಿಂತಿದ್ದಾಳೆ. 

"ಯಾರೋ ನಿಂಗಿದನ್ನ ಹೇಳ್ಕೊಟ್ಟಿದ್ದು?"

ಯಾರೂ ಇಲ್ಲ ಎಂದೆ.

"ನಿಮ್ಮಪ್ಪ ಹೊಲದಿಂದ ಬಂದು ಮಂಚದ ಪಟ್ಟಿಗೆ ಎರಡು ಸಲ ಬಡಿಯೋರು. ಆಮೇಲೆ ನನ್ನ ಹೊಟ್ಟೆಗೆ ಕೆನ್ನೆ ಇಟ್ಕೊಂಡು ಇದೇ ಮಾತು ಕೇಳೋರು. ಇದೇ ಧ್ವನಿ ಕಣೋ. ನಾನು ಯಾರ ಹತ್ರಾನೂ ಹೇಳಿಲ್ಲ, ಇವತ್ತಿನ ತನಕ."

 ವಿಜ್ಞಾನದ ಮೇಷ್ಟ್ರಾಗಿ ನನ್ನ ಬಳಿ ಉತ್ತರಗಳಿದ್ದವು. ಆಂಧ್ರದ ಗಡಿಯಲ್ಲಿ ಎಲ್ಲರ ಬಾಯಲ್ಲೂ ತೆಲುಗು ನುಗ್ಗುತ್ತದೆ. ಮೈಕು ಸರಿಯಿದೆಯೇ ಎಂದು ನೋಡಲು ಯಾರಾದರೂ ಮೇಜು ಬಡಿಯುತ್ತಾರೆ. ಮಗನಿಗೆ ಅಪ್ಪನ ಗಂಟಲು ಬರುವುದರಲ್ಲಿ ಆಶ್ಚರ್ಯವಿಲ್ಲ. ಮೂರೂ ಸರಿಯಾದ ಉತ್ತರಗಳೇ. ಒಂದನ್ನೂ ಅಮ್ಮನ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಅಂದು ಬದುವಿನ ಮೇಲೆ ಮಂಡಿಯೂರಿದವನು ಪೂರ್ತಿ ಮೂರ್ಖನಾಗಿರಲಿಲ್ಲ ಅನ್ನಿಸಿತು.

ಸಾವರಿಸಿಕೊಂಡು ಅಮ್ಮನನ್ನು ಕೇಳಿದೆ, ಅಪ್ಪ ಹಾಗೆ ಕೇಳಿದಾಗ ಹೊಟ್ಟೆಯಲ್ಲಿದ್ದ ನಾನು ಏನು ಮಾಡುತ್ತಿದ್ದೆ ಎಂದು. ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ಅಪ್ಪನ ವಿಷಯದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನ್ ಮಾಡ್ತೀಯ, ಒದೀತಿದ್ದೆ. ಅವರು ನೋವಾಯ್ತು ಅಂತ ಕೆನ್ನೆ ಹಿಡ್ಕೊಂಡು ನಾಟಕ ಆಡೋರು."

ನಾನು ಭಾವಪರವಶನಾಗಿ ಮಗುವಿನ ಮೇಲೆ ಬಗ್ಗಿ, ಜೀರ್ಣಾಂಗವ್ಯೂಹಕ್ಕೆಂದು ಗಂಟಲು ಸರಿಮಾಡಿಕೊಂಡೆ. ಮಗಳು ಬಟ್ಟೆಯೊಳಗಿಂದ ಕಾಲು ಬಿಡಿಸಿಕೊಂಡು ಸರಿಯಾಗಿ ಕೆನ್ನೆಗೆ ಒಂದು ಒದೆ ಕೊಟ್ಟಳು. ನನ್ನ ಕನ್ನಡಕ ತೊಟ್ಟಿಲ ಕೆಳಗೆ ಹೋಯಿತು. ಅದನ್ನು ಹುಡುಕಲು ನಾನು ಮತ್ತೆ ಮಂಡಿಯೂರಿದೆ.