ಔಷಧವಿಲ್ಲದ ಸೂಜಿ

ರಿಟೈರಾಗಿ ಮಸ್ಕಿಯಲ್ಲಿ ನೆಲೆಸಿದ್ದ ಕಂಪೌಂಡರ್ ಸೂಗಪ್ಪನವರು ಅಂಗಿ ತೊಟ್ಟು ನಾಲ್ಕು ತಿಂಗಳಾಗಿತ್ತು. ಬಡತನಕ್ಕಲ್ಲ, ವೈರಾಗ್ಯಕ್ಕೂ ಅಲ್ಲ. ಎಡ ಹೆಗಲ ಹಿಂದಿನಿಂದ ಎದೆಯವರೆಗೆ ಎದ್ದಿದ್ದ ಸರ್ಪಸುತ್ತು ತಾನು ಮಾಯ್ದು ಹೋಗುವಾಗ ಉರಿಯನ್ನು ಅಲ್ಲೇ ಬಿಟ್ಟು ಹೋಗಿತ್ತು. ಸಿಂಧನೂರಿನ ಡಾಕ್ಟರು ನರದ ನೋವೆಂದು ಗುಳಿಗೆ ಬರೆದಿದ್ದರು. ಗುರುಗುಂಟಾದ ಅಜ್ಜನೊಬ್ಬ ಬಂದು ಕೆಮ್ಮಣ್ಣು ಬಳಿದು, ಹೆಡೆ ಬಾಲ ಕೂಡದಂತೆ ನಡುವೆ ಗೆರೆ ಎಳೆದಿದ್ದ. ಉರಿ ಇಬ್ಬರ ಮಾತನ್ನೂ ಕೇಳಲಿಲ್ಲ. ಬಟ್ಟೆ ಸೋಕಿದರೆ ಮೆಣಸಿನಪುಡಿ ಉಜ್ಜಿದ ಹಾಗೆ!

ಹೀಗಿರುವಾಗ ಪಾಮನಕಲ್ಲೂರಿನ ಪಂಚಾಯಿತಿ ಸದಸ್ಯ ಅಮರಗುಂಡಪ್ಪನ ಫೋನು ಬಂತು. ಮೂವತ್ತು ವರ್ಷ ಆ ಊರಿನ ಆಸ್ಪತ್ರೆಯಲ್ಲಿದ್ದು ಊರಿಗೆ ಊರನ್ನೇ ಚುಚ್ಚಿದ ಕಂಪೌಂಡರಿಗೆ ಸನ್ಮಾನವಂತೆ! ಹಾರ, ಪೇಟ, ಶಾಲು. ಶಾಲು ಎಂದದ್ದೇ ಸೂಗಪ್ಪನವರಿಗೆ ಒಂದು ಕಡೆ ರೋಮಾಂಚನ, ಇನ್ನೊಂದು ಕಡೆ (ಎಡಗಡೆ) ನಡುಕ.

ಹೆಂಡತಿ ಮುದುಕಮ್ಮ ಪರೀಕ್ಷೆಗೆಂದು ಸೆರಗಿನ ತುದಿಯನ್ನು ಹೆಗಲಿಗೆ ಮುಟ್ಟಿಸಿದಳು. ಸೂಗಪ್ಪನವರು ಒಂದೇ ನೆಗೆತಕ್ಕೆ ಅಂಗಳದಲ್ಲಿದ್ದರು.

"ಸ್ಟೇಜಿನ ಮ್ಯಾಲೂ ಹಿಂಗ ಕುಣಿದ್ರ ಇಜ್ಜತ್ ಉಳಿತೈತೇನ್ರಿ? ಲಿಂಗಸುಗೂರಾಗ ಆಕ್ಯುಪಂಕ್ಚರ್ ಡಾಕ್ಟರ್ ಅದಾರಂತ. ಸೂಜಿ ಚುಚ್ಚಿ ನರದ ನೋವು ಇಳಸ್ತಾರಂತ. ನಡೀರಿ."

"ಲೇ, ಯಾರ ಮುಂದ ಸೂಜಿ ಮಾತಾಡಾಕತ್ತಿ? ಔಷಧ ಇಲ್ಲದ ಸೂಜಿ! ಅದಕ್ಕ ಇಲಾಜ್ ಅಂತಾರೇನು? ಹೊಲಿಗಿ ಅಂತಾರ! ಜೀವ ಹೋದ್ರೂ ಚುಚ್ಚಿಸಿಕೊಳ್ಳಂಗಿಲ್ಲ."

(ಒಳಗಿನ ಮಾತು ಬೇರೆ. ಊರನ್ನೆಲ್ಲ ಚುಚ್ಚಿದ ಈ ಮಹಾವೀರರು ಸೂಜಿಯ ಚೂಪು ತಮ್ಮ ಕಡೆ ತಿರುಗಿದರೆ ಬೆವರುತ್ತಿದ್ದರು.)

"ಆತು ಬಿಡ್ರಿ. ಶಾಲು ನಾನ ಹೊದ್ಕೊಂಡು ಬರ್ತೀನಿ. ಮೂವತ್ತು ವರ್ಷ ನಿಮ್ಮನ್ನ ಸಂಭಾಳಿಸಿದ್ದಕ್ಕ ಅದು ನನಗ ಸಲ್ಲಬೇಕು."

ಈ ಮಾತು ನಾಟಿತು. ಒಂದು ನರಪಿಳ್ಳೆಗೂ ತಿಳಿಯಬಾರದು ಎಂಬ ಕರಾರಿನ ಮೇಲೆ ಮರುದಿನವೇ ಸೂಗಪ್ಪನವರು ಹೆಂಡತಿಯ ಜೊತೆ ಹೊರಟರು. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ "ಬೀಗರ ಮನಿಗೆ" ಎಂದರು. ಬಲ ಹೆಗಲಿಗಷ್ಟೇ ಟವೆಲ್ ಹೊದ್ದು ಬೀಗರ ಮನೆಗೆ ಹೋಗುವವರನ್ನು ಮಸ್ಕಿ ಅವತ್ತೇ ಮೊದಲು ಕಂಡದ್ದು.

ಲಿಂಗಸುಗೂರಿನ ಡಾಕ್ಟರ್ ನಂದಿನಿ ಕೂದಲೆಳೆಯಂಥ ಸೂಜಿ ತೆಗೆದಳು. ಸೂಗಪ್ಪನವರು ಕಣ್ಣು ಮುಚ್ಚಿ ಹೆಂಡತಿಯ ಕೈ ಹಿಡಿದರು. (ಲಗ್ನದ ದಿನವೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲವೆಂದು ಮುದುಕಮ್ಮನ ಸಾಕ್ಷಿ.)

"ಅಂಜಬ್ಯಾಡ್ರಿ ಕಾಕಾ. ಇರುವಿ ಕಡದಂಗ ಆಗತೈತಿ, ಅಷ್ಟ."

ಸೂಗಪ್ಪನವರು ಕಣ್ಣು ಬಿಟ್ಟರು. "ಏ, ಇದು ನನ್ನ ಮಾತು!"

"ನಿಮ್ದ ರೀ. ನಾ ಪಾಮನಕಲ್ಲೂರಾಕಿ. ಸಣ್ಣಾಕಿದ್ದಾಗ ಹಿಂಗಂದ ಚುಚ್ಚಿದ್ರಿ. ಎಂಟು ದಿನ ನೆಟ್ಟಗ ಕುಂತಿಲ್ಲ ನಾನು."

"ಯವ್ವಾ, ಊರಾಗ ಮಾತ್ರ ಹೇಳಬ್ಯಾಡ!"

"ಆಣೆ ಮಾಡ್ತೀನಿ, ಯಾರಿಗೂ ಹೇಳಂಗಿಲ್ಲ," ಎಂದು ನಂದಿನಿ ಚುಚ್ಚಿಯೇ ಬಿಟ್ಟಳು.

ಮೂರು ವಾರ, ಆರು ಸಲ. ಉರಿ ಪೂರ್ತಿ ಹೋಗಲಿಲ್ಲ. ಆದರೆ ಸಡಿಲವಾದ ಅಂಗಿ ತೊಡುವಷ್ಟಕ್ಕೆ ಇಳಿಯಿತು. "ಗುಳಿಗಿ ಹತ್ತಿದ್ವು ನೋಡು!" ಎಂದು ಸೂಗಪ್ಪನವರು ಓಣಿಗೆಲ್ಲ ಸಾರಿದರು. ಕೊನೆಯ ಸಲ ನಂದಿನಿ ಕಿವಿಗೆ ಎಳ್ಳಿನಷ್ಟು ಪುಟ್ಟ ಸೂಜಿ ಚುಚ್ಚಿ, ಮೇಲೆ ಪಟ್ಟಿ ಅಂಟಿಸಿ, ಮೂರು ದಿನಕ್ಕೆ ಕಿತ್ತುಹಾಕಿ ಎಂದಿದ್ದಳು. ಕೀಳಲು ಧೈರ್ಯ ಬೇಕಲ್ಲ! ಸೂಗಪ್ಪನವರು ಕಿವಿ ಮುಚ್ಚುವಂತೆ ತಲೆಗೊಂದು ರುಮಾಲು ಸುತ್ತಿಕೊಂಡರು.

ಸನ್ಮಾನದ ದಿನ ಮೈಕು ಕೈಗೆ ಬಂದದ್ದೇ ಅವರಿಗೆ ಮೈಯಲ್ಲಿ ಆವೇಶ ಬಂತು. "ಈಗಿನ ಮಂದಿ ಔಷಧ ಇಲ್ಲದ ಸೂಜಿ ಚುಚ್ಚಿಸಿಕೊಳ್ಳಾಕತ್ತ್ಯಾರ! ಈ ಸೂಗಪ್ಪ ಅಂಥ ಸೂಜಿಗೆ ತಲಿ ಬಾಗ್ಸಿಲ್ಲ, ಬಾಗ್ಸಂಗೂ ಇಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಮುದುಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಈಗ ಶಾಲು ಹೊದಿಸಿ ಪೇಟ ತೊಡಸಾಕ," ಎಂದು ಅಮರಗುಂಡಪ್ಪ ಕೂಗಿದ, "ನಮ್ಮೂರ ಮಗಳು ಡಾಕ್ಟರ್ ನಂದಿನಿ ಬರಬೇಕು!"

ಸೂಗಪ್ಪನವರು ರುಮಾಲನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡರು. ನಂದಿನಿ ನಗುತ್ತ ಬಂದು ಶಾಲು ಹೊದಿಸಿದಳು. ಎಡ ಹೆಗಲು ಕಮಕ್ ಕಿಮಕ್ ಎನ್ನಲಿಲ್ಲ! ಎಷ್ಟೋ ತಿಂಗಳ ಮೇಲೆ ಬಟ್ಟೆ ಬಟ್ಟೆಯ ಹಾಗೆ ಮೈಮೇಲೆ ಕುಳಿತಿತ್ತು. ಸೂಗಪ್ಪನವರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಪೇಟಕ್ಕೆಂದು ರುಮಾಲು ತೆಗೆದ ನಂದಿನಿ ಕಿವಿ ನೋಡಿ ಬಗ್ಗಿದಳು. ಆಣೆ ಮಾಡಿದವಳು, ಯಾರಿಗೂ ಕೇಳದಷ್ಟು ಮೆಲ್ಲಗೇ ಪಿಸುಗುಟ್ಟಿದಳು. ಮೈಕು ಮಾತ್ರ ಇನ್ನೂ ಸೂಗಪ್ಪನವರ ಗದ್ದದ ಕೆಳಗೇ ಇತ್ತು. ಕೈಗೆ ಬಂದ ಮೈಕನ್ನು ಅವರು ಬಿಡುವ ಪೈಕಿಯೇ ಅಲ್ಲ.

"ಕಾಕಾ, ನಾ ಚುಚ್ಚಿದ ಸೂಜಿ ಕಿವ್ಯಾಗ ಇನ್ನೂ ಹಂಗ ಐತಲ್ರಿ? ಮೂರು ದಿನಕ್ಕ ತಗೀರಿ ಅಂದಿದ್ನಿ!" ಎಂದು ನಾಲ್ಕು ಸ್ಪೀಕರುಗಳು ಊರಿಗೆಲ್ಲ ಹೇಳಿದವು.

ಸೂಗಪ್ಪನವರು ಅಂಗೈಯಿಂದ ಕಿವಿ ಮುಚ್ಚಿ, ಎದೆ ಸೆಟೆಸಿ, ಅದೇ ಮೈಕಿನಲ್ಲಿ ಗುಡುಗಿದರು:

"ಸೂಜಿ ಅಲ್ಲ! ಇರುವಿ ಕಡದೈತಿ!"

ಅದೇ ಮಾತನ್ನು ನಂಬಿ ಮೂವತ್ತು ವರ್ಷ ಚುಚ್ಚಿಸಿಕೊಂಡಿದ್ದ ಪಾಮನಕಲ್ಲೂರು, ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಹಿಂಭಾಗ ಸವರಿಕೊಂಡು ನಕ್ಕಿತು.